ಮರಕ್ಕೆ ಬಾಯಿಲ್ಲ

ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಬಿಂದುವಿಗೆ ಕಾಣುತ್ತಿದ್ದುದು ಅಪ್ಪನ ಕತ್ತಿನ ಹಿಂಭಾಗ ಮಾತ್ರ. ಹಿಂದಿನ ಸಂಜೆ ದುಬೈನ ಡಿಸ್ಕವರಿ ಗಾರ್ಡನ್ಸಿನ ಮಲಯಾಳಿ ಸಲೂನಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದಿದ್ದ. ಅರವತ್ತೆರಡು ವರ್ಷದ ಆ ಕತ್ತು ಫೋಟೋ ತೆಗೆಸಿಕೊಳ್ಳಲು ಹೊರಟ ಶಾಲೆಯ ಹುಡುಗನ ಕತ್ತಿನ ಹಾಗೆ ಶುಭ್ರವಾಗಿ, ಯಾವ ರಕ್ಷಣೆಯೂ ಇಲ್ಲದೆ ನಿಂತಿತ್ತು. ಪಕ್ಕದಲ್ಲಿ ಅವಳ ಆಫೀಸಿನ ಕ್ಲಾರಾ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಿಂದ ಅಬುಧಾಬಿ ರಸ್ತೆಯ ಎರಡೂ ಬದಿಯ ಖರ್ಜೂರದ ಮರಗಳನ್ನು ಸ್ವಂತ ಆಸ್ತಿಯನ್ನು ತೋರಿಸುವವಳಂತೆ ತೋರಿಸುತ್ತಿದ್ದಳು. ಇಷ್ಟು ಹೊತ್ತೂ ಅವಳು 'ಸರ್' ಎಂದೇ ಕರೆದಿದ್ದಳು. ಬಿಂದು ಕಾಯುತ್ತಿದ್ದುದು ಇನ್ನೊಂದು ಪದಕ್ಕೆ. ಅದು ಬಿದ್ದೇ ಬೀಳುತ್ತದೆ, ಯಾವ ಫ್ಲೈಓವರಿನ ಮೇಲೆ ಎಂಬುದಷ್ಟೇ ಗೊತ್ತಿರಲಿಲ್ಲ. ಬಿದ್ದಾಗ ಈ ಕತ್ತು ಏನು ಮಾಡುತ್ತದೆ ಎಂಬುದೂ ಗೊತ್ತಿರಲಿಲ್ಲ.

ಸುಳ್ಳು ಹೇಳಬೇಕೆಂದು ಅವಳು ಹೇಳಿದ್ದಲ್ಲ. ಅಲ್ ಮುರಕ್ಕಬಾತಿನ ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿಗಳು ತೆರೆದುಕೊಳ್ಳುವ ಹೊತ್ತಿಗೆ ಎಲ್ಲರ ಅಪ್ಪಂದಿರೂ ಮೇಜಿನ ಮೇಲೆ ಬರುತ್ತಿದ್ದರು. ಒಬ್ಬಳ ಅಪ್ಪ ಬ್ಯಾಂಕ್ ಮ್ಯಾನೇಜರು, ಇನ್ನೊಬ್ಬಳ ಅಪ್ಪ ನೌಕಾಪಡೆಯಲ್ಲಿದ್ದವರು, ಆಫೀಸಿನ ಆಡಳಿತವನ್ನೆಲ್ಲ ನೋಡಿಕೊಳ್ಳುವ ಮಂಗಳೂರಿನ ಕ್ಲಾರಾಳ ಅಪ್ಪ ಕಾಫಿ ಎಸ್ಟೇಟಿನಲ್ಲಿ ಡಾಕ್ಟರು. ಬಿಂದುವಿನ ಸರದಿ ಬಂದಾಗ ಅವಳು "ಮೈಸೂರಲ್ಲಿ, ಸರ್ಕಾರಿ ಸಸ್ಯೋದ್ಯಾನದಲ್ಲಿ" ಎಂದಳು, ಅದು ನಿಜವೇ. ಯಾರೋ "ಓ, ಬಾಟನಿಸ್ಟ್" ಎಂದರು. ಅವಳ ಬಾಯಲ್ಲಿ ಚಪಾತಿ ಇತ್ತು. ನುಂಗಿ ಅಲ್ಲಗಳೆಯುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಮಾರನೆಯ ವಾರ ಕ್ಲಾರಾ "ನಿಮ್ಮ ತಂದೆ ಬಾಟನಿಸ್ಟ್ ಅಲ್ವಾ" ಎಂದು ಕೇಳಿದಾಗ ಬಾಯಿ ಖಾಲಿಯಿತ್ತು, ಆದರೂ ಅವಳು ಬರೀ ತಲೆಯಾಡಿಸಿದಳು. ಡಾಕ್ಟರೇಟು ಆಮೇಲೆ ತಾನಾಗಿಯೇ ಬಂದು ಅಂಟಿಕೊಂಡಿತು, ನಡುಮನೆಯಲ್ಲಿ ಬಿಟ್ಟ ಒಂಟಿ ಚಪ್ಪಲಿಗೆ ಜೋಡಿ ಬಂದ ಹಾಗೆ. ಅಪ್ಪ ದುಬೈಗೆ ಬರುವುದಿಲ್ಲ, ವಿಮಾನ ಹತ್ತಲಾರೆನೆಂದು ಹಟ ಹಿಡಿದಿರುವ ಅಮ್ಮನನ್ನು ಬಿಟ್ಟು ಎಲ್ಲಿಗೂ ಹೊರಡುವುದಿಲ್ಲ ಎಂಬ ಧೈರ್ಯ ಅವಳಿಗಿತ್ತು. ಆದರೆ ಅಮ್ಮನೇ ಅವನನ್ನು ತಳ್ಳಿ ಕಳಿಸಿದ್ದಳು. ಎರಡು ತಿಂಗಳ ವಿಸಿಟ್ ವೀಸಾದ ಮೂರನೇ ಶುಕ್ರವಾರ ಇದು. ಬಾಟನಿಸ್ಟರಿಗೆ ಹೊಸ ಗಾಜಿನ ಮನೆಯ ಗಿಡಗಳನ್ನು ತೋರಿಸಲೇಬೇಕೆಂದು ಕ್ಲಾರಾಳೇ ಕಾರು ತಂದಿದ್ದಳು.

"ಅಲ್ಲ ಡಾಕ್ಟ್ರೇ," ಎಂದಳು ಕ್ಲಾರಾ, "ನಿಮ್ದು ಪಿಎಚ್‌ಡಿ ಯಾವುದ್ರಲ್ಲಿ? ಬಿಂದು ಎಂತದೂ ಹೇಳುದಿಲ್ಲ ಮಾರಾಯ್ರೆ. ಕೇಳಿದ್ರೆ ನಗಾಡ್ತಾಳೆ."

ಕತ್ತು ಅಲುಗಲಿಲ್ಲ. ಹೊರಗೆ ಅರ್ಧ ಕಟ್ಟಿದ ಗೋಪುರಗಳು, ಅವುಗಳ ನೆತ್ತಿಯ ಮೇಲೆ ಕ್ರೇನುಗಳು, ಆಮೇಲೆ ಬರೀ ಮರಳು. ಬಿಂದು ತನ್ನ ಬ್ಯಾಗಿನ ಜಿಪ್ಪನ್ನು ಮುಚ್ಚಿದಳು, ತೆರೆದಳು. ಅಪ್ಪನಿಗೆ ಕಿವಿ ಮಂದವಾಗಿರಬಹುದು ಎಂಬ ಆಸೆ ಒಂದು ಕ್ಷಣ ಬಂದು, ಅಂಥ ಆಸೆ ಪಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಹೆಸರುಗಳಲ್ಲಿ," ಎಂದ ಅಪ್ಪ.

"ಓ, ಟ್ಯಾಕ್ಸಾನಮಿ."

"ಹೂಂ ಕಣಮ್ಮ. ಅದೇ."

ಅವನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಏನಾದರೂ ಮಾಡುತ್ತಿದ್ದಳೇನೋ, ಅಳುವುದನ್ನೋ, ಕಾರು ನಿಲ್ಲಿಸೆನ್ನುವುದನ್ನೋ. ನೋಡಲಿಲ್ಲವಾದ್ದರಿಂದ ಕಾರು ಗಂಟೆಗೆ ನೂರಿಪ್ಪತ್ತರ ವೇಗದಲ್ಲಿ ಹೋಗುತ್ತಲೇ ಇತ್ತು, ಕ್ಲಾರಾ ತನ್ನ ಮಿರ್ದಿಫಿನ ಮನೆಯ ವರಾಂಡದಲ್ಲಿ ಕುಂಡದಲ್ಲಿಟ್ಟ ತಾಯಿಮನೆಯ ಮಲ್ಲಿಗೆ ಎಲೆ ಮಾತ್ರ ಬಿಡುತ್ತದೆ, ಮೊಗ್ಗು ಬಿಡುವುದಿಲ್ಲ ಎಂಬ ಕಷ್ಟವನ್ನು ಹೇಳುತ್ತಲೇ ಇದ್ದಳು, ಅಪ್ಪ ಪ್ರತಿ ವಾಕ್ಯಕ್ಕೂ ಅಧಿಕಾರಿಯಂತೆ "ಹೌದಾ, ಹೌದಾ" ಎನ್ನುತ್ತಲೇ ಇದ್ದ.

ಅಪ್ಪ, ಶಾಮಸುಂದರ, ಮೂವತ್ತನಾಲ್ಕು ವರ್ಷ ಬೋರ್ಡು ಬರೆದವನು. ಹಸಿರು ಬಳಿದ ತಗಡಿನ ಪಟ್ಟಿಯ ಮೇಲೆ ಬಿಳಿ ಎನಾಮಲ್ ಬಣ್ಣದಲ್ಲಿ ಮೇಲೆ ಲ್ಯಾಟಿನ್ ಹೆಸರು ಓರೆಯಾಗಿ, ಕೆಳಗೆ ಕನ್ನಡದ ಹೆಸರು ನೆಟ್ಟಗೆ, ಮೂಲೆಯಲ್ಲಿ ಊರು: ಬ್ರೆಜಿಲ್, ಮಡಗಾಸ್ಕರ್, ಪಶ್ಚಿಮ ಘಟ್ಟ. ತೋಟದ ಹಿಂದಿನ ಶೆಡ್ಡಿನಲ್ಲಿ ಕೂತು ಅಧಿಕಾರಿಗಳು ಕೊಟ್ಟ ಚೀಟಿ ನೋಡಿಕೊಂಡು ಬರೆಯುವುದು ಅವನ ಕೆಲಸ, ಮರ ಹುಡುಕಿ ಮೊಳೆ ಹೊಡೆಯುವುದು ಮಾಲಿಗಳ ಕೆಲಸ. ಹೀಗಾಗಿ ಎರಡು ಸಾವಿರ ಮರಗಳ ಹೆಸರು ಬಾಯಿಪಾಠವಿದ್ದ ಅವನಿಗೆ ಹತ್ತು ಮರಗಳ ಗುರುತೂ ಸರಿಯಾಗಿ ಇರಲಿಲ್ಲ. ಭಾನುವಾರ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತೋಟಕ್ಕೆ ಕರೆದುಕೊಂಡು ಹೋದಾಗ ಅವಳು "ಇದು ಯಾವ ಮರ ಅಪ್ಪ" ಎಂದರೆ, ಹತ್ತಿರ ಹೋಗಿ, ತನ್ನದೇ ಬೋರ್ಡನ್ನು ಬೇರೆ ಯಾರೋ ದೊಡ್ಡವರು ಬರೆದದ್ದೆಂಬಂತೆ ಗೌರವದಿಂದ ಓದಿ, ಆಮೇಲೆ ಹೇಳುತ್ತಿದ್ದ. ಬೋರ್ಡು ಬಿದ್ದುಹೋಗಿದ್ದರೆ "ಇಲಾಖೆ ಇನ್ನೂ ತಿಳಿಸಿಲ್ಲ" ಎನ್ನುತ್ತಿದ್ದ. ಊಹಿಸಿ ಹೇಳಿದ್ದು ಒಂದು ದಿನವೂ ಇಲ್ಲ. ಒಮ್ಮೆ, ಕೊಟ್ಟ ಚೀಟಿಯಲ್ಲೇ ತಪ್ಪಿತ್ತೆಂದು ಸಂಜೆ ಗೊತ್ತಾದಾಗ, ಊಟಕ್ಕೆ ಕೂತವನು ಎದ್ದು ಹೋಗಿ, ಕಾವಲುಗಾರನನ್ನು ಎಬ್ಬಿಸಿ, ಬೋರ್ಡು ಕಿತ್ತು ತಂದಿದ್ದ. "ಬೆಳಿಗ್ಗೆ ಕಿತ್ತಿದ್ರೆ ಆಗ್ತಿರಲಿಲ್ವಾ" ಎಂದು ಅಮ್ಮ ಬೈದಾಗ ಹೇಳಿದ್ದು ಬಿಂದುವಿಗೆ ಇನ್ನೂ ನೆನಪಿದೆ. "ಮರಕ್ಕೆ ಬಾಯಿಲ್ಲ ಕಣೇ. ಇದು ನನ್ನ ಹೆಸರಲ್ಲ ಅಂತ ಅದು ಹೇಳೋಕಾಗಲ್ಲ."

ಗಾಜಿನ ಮನೆ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಊರಾಚೆಯ ಹೊಸ ಪಾರ್ಕಿನ ನಡುವೆ, ಮಾರ್ಚಿನ ಬಿಸಿಲಿಗೇ ಬಿಳಿಯಾಗಿ ಹೊಳೆಯುತ್ತ, ಒಳಗೆ ಕಾಡನ್ನು ಕೂಡಿಹಾಕಿಕೊಂಡು ಕೂತಿತ್ತು. ಬೇರೆ ದೇಶಗಳಲ್ಲಿ ಗಿಡಗಳು ಚಳಿಗೆ ಸಾಯದಿರಲೆಂದು ಗಾಜಿನ ಮನೆ ಕಟ್ಟುತ್ತಾರೆ, ಇಲ್ಲಿ ಬೆಂದುಹೋಗದಿರಲೆಂದು. ಒಂದು ಗೋಡೆಯ ತುಂಬ ಒದ್ದೆಯಾದ ದಪ್ಪ ಪ್ಯಾಡುಗಳು, ಎದುರು ಗೋಡೆಯಲ್ಲಿ ಆಳೆತ್ತರದ ಫ್ಯಾನುಗಳು. ಒಳಗೆ ಕಾಲಿಟ್ಟೊಡನೆ ಅಪ್ಪ ಮೂಗರಳಿಸಿ "ಲಾವಂಚದ ತಟ್ಟಿ" ಎಂದ, ತನಗೆ ಗೊತ್ತಿರುವ ಒಂದು ವಸ್ತು ಸಿಕ್ಕಿದ ಸಂತೋಷದಲ್ಲಿ. ಬಿಂದು ಅವನ ಹಿಂದೆಯೇ ಬಂದವಳು ಮೊದಲು ನೋಡಿದ್ದು ಗಿಡಗಳ ಬುಡವನ್ನು. ದಾರಿಯುದ್ದಕ್ಕೂ ತನ್ನನ್ನು ಸಮಾಧಾನ ಮಾಡಿಕೊಂಡು ಬಂದದ್ದೇ ಆ ಒಂದು ಮಾತಿನಿಂದ: ಬೋರ್ಡು ಇರುತ್ತದೆ, ಅಪ್ಪ ಓದಿ ಹೇಳುತ್ತಾನೆ, ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೋರ್ಡುಗಳಿರಲಿಲ್ಲ. ಪ್ರತಿ ಗಿಡದ ಬುಡದಲ್ಲೂ ಒಂದು ಗೂಟ, ಗೂಟದ ಮೇಲೆ ಒಂದು ನಂಬರು. ನಲವತ್ತೊಂದು. ನಲವತ್ತೆರಡು.

"ಬೋರ್ಡ್ ಪ್ರಿಂಟಿಂಗಿಗೆ ಹೋಗಿ ಮೂರು ತಿಂಗಳಾಯ್ತು ಮೇಡಂ," ಎಂದ ನೀರಿನ ಪೈಪು ಹಿಡಿದು ನಿಂತಿದ್ದವನು. ಇವರ ಕನ್ನಡ ಕೇಳಿ ಅವನೂ ಕನ್ನಡದಲ್ಲೇ ಶುರುಮಾಡಿದ್ದ. ಐವತ್ತರ ಆಸುಪಾಸು, ನೀಲಿ ಸಮವಸ್ತ್ರ, ಎದೆಯ ಮೇಲೆ ಮುಹಿಯುದ್ದೀನ್ ಎಂಬ ಪಟ್ಟಿ. ಊರು ಉಪ್ಪಿನಂಗಡಿಯಂತೆ. "ಅರಬಿಯಲ್ಲಿ ಬೇಕು, ಇಂಗ್ಲಿಷಿನಲ್ಲಿ ಬೇಕು. ಯಾರೋ ಪಾಸ್ ಮಾಡ್ಬೇಕು. ಬರ್ತದೆ, ಇನ್ಶಾ ಅಲ್ಲಾಹ್. ಯಾವಾಗ ಅಂತ ಕೇಳ್ಬೇಡಿ."

"ಬೋರ್ಡ್ ಎಂತಕ್ಕೆ?" ಎಂದಳು ಕ್ಲಾರಾ. "ನಮ್ಮ ಹತ್ರ ಡಾಕ್ಟ್ರೇ ಇದ್ದಾರಲ್ಲ." ಬ್ಯಾಗಿನಿಂದ ಒಂದು ಚಿಕ್ಕ ನೋಟ್‌ಬುಕ್ಕು ತೆಗೆದಳು. ಆಫೀಸಿನಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು ಎಂದು ಬರೆದಿಟ್ಟುಕೊಳ್ಳುವ ನೋಟ್‌ಬುಕ್ಕು ಅದು. "ಹೇಳಿ ಡಾಕ್ಟ್ರೇ. ಇದು ಎಂತ?"

ಕೆಂಪು ಕೊಕ್ಕಿನಂಥ ಹೂ ಜೋತುಬಿದ್ದ, ಬಾಳೆಯಂಥ ಎಲೆಗಳ ಗಿಡ. ಅಪ್ಪ ಅದರ ಮುಂದೆ ನಿಂತ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಇಲಾಖೆ ಇನ್ನೂ ತಿಳಿಸಿಲ್ಲ ಎನ್ನುತ್ತಾನೆ ಎಂದು ಬಿಂದು ಉಸಿರು ಹಿಡಿದಳು. ಒಂದು ರೀತಿಯಲ್ಲಿ ಹಾಗೆಂದರೆ ಸಾಕು, ಎಲ್ಲ ಇಲ್ಲೇ ಮುಗಿದುಹೋಗಲಿ ಎಂದೂ ಅನ್ನಿಸಿತು.

"ಸ್ಪ್ಯಾಥೋಡಿಯಾ ಕ್ಯಾಂಪಾನುಲೇಟಾ," ಎಂದ ಅಪ್ಪ.

ಎಷ್ಟು ಚೆನ್ನಾಗಿ ಅಂದ. ಪ್ರತಿ ಅಕ್ಷರಕ್ಕೂ ಅದರ ಜಾಗ ಕೊಟ್ಟು, ಎಲ್ಲೂ ಅವಸರವಿಲ್ಲದೆ. ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸಣ್ಣಗೆ ಓಡಾಡುತ್ತಿದ್ದುದು ಬಿಂದುವಿಗೆ ಮಾತ್ರ ಕಾಣುತ್ತಿತ್ತು. ಹೇಳುತ್ತಲೇ ಅವನು ಬರೆಯುತ್ತಿದ್ದ. ಕ್ಲಾರಾಳೂ ಬರೆದುಕೊಂಡಳು. ಮುಂದಿನದು ಫಿಲಿಸಿಯಂ ಡಿಸಿಪಿಯನ್ಸ್. ಅದರ ಮುಂದಿನ, ಮಂಡಿಯುದ್ದದ, ತೇವದ ಕಲ್ಲಿಗೆ ಅಂಟಿಕೊಂಡ ಜರೀಗಿಡಕ್ಕೆ ಬಂದಾಗ ಅಪ್ಪ ತುಸು ಯೋಚಿಸಿ, "ಸ್ವೀಟೇನಿಯಾ ಮಹಾಗನಿ" ಎಂದ.

"ಮಹಾಗನಿ ಅಂದ್ರೆ ಫರ್ನಿಚರ್ ಮಾಡುದಲ್ವಾ?"

"ಅದು ದೊಡ್ಡದು," ಎಂದ ಅಪ್ಪ. "ಇದು ಚಿಕ್ಕದು."

ಕ್ಲಾರಾ ಬ್ರ್ಯಾಕೆಟ್ ಹಾಕಿ 'ಚಿಕ್ಕದು' ಎಂದು ಬರೆದುಕೊಂಡಳು. ಮುಹಿಯುದ್ದೀನ್ ಪೈಪನ್ನು ಎಳೆದುಕೊಂಡು ಇವರ ಹಿಂದೆಯೇ ಬರುತ್ತಿದ್ದ, ನೀರು ಬೇಡದ ಗಿಡಗಳಿಗೂ ನೀರು ಬಿಡುತ್ತ. ಬಿಂದು ತಿರುಗಿದಾಗ ಅವನ ಕಣ್ಣು ಸಿಕ್ಕಿತು. ಸಿಕ್ಕಿದ ಕೂಡಲೇ ಅವನು ಕಣ್ಣನ್ನು ಎಲೆಗಳ ಮೇಲೆ ಇಳಿಸಿದ. ಅಪ್ಪನೇ ಒಮ್ಮೆ, ಹೆಸರು ಹೇಳಿಯಾದ ಮೇಲೆ, ಅನುಮತಿ ಕೇಳುವವನಂತೆ ಅವನ ಕಡೆ ನೋಡಿದ. "ಸರ್ ಹೇಳಿದ್ಮೇಲೆ ಸರಿಯೇ," ಎಂದ ಮುಹಿಯುದ್ದೀನ್. "ನಮ್ಮ ಲಿಸ್ಟಿನಲ್ಲಿ ಸ್ವಲ್ಪ ಬೇರೆ ಉಂಟು. ಲಿಸ್ಟ್ ಹಳೇದಿರ್ಬೇಕು." ಗಾಜಿನ ಮನೆಗೇ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಒಂದು ಸುಳ್ಳಿಗೆ ಈಗ ಇಬ್ಬರು ಗಂಡಸರು ದುಡಿಯುತ್ತಿದ್ದರು, ಕೂಲಿಯಿಲ್ಲದೆ.

ನೋಟ್‌ಬುಕ್ಕು ಹಿಡಿದು ಗಿಡದಿಂದ ಗಿಡಕ್ಕೆ ಹೋಗುತ್ತಿದ್ದ ಕ್ಲಾರಾಳ ಬೆನ್ನನ್ನು ನೋಡುತ್ತ ಬಿಂದುವಿಗೆ ಇನ್ನೊಂದು ನೋಟ್‌ಬುಕ್ಕು, ಕಂದು ರಟ್ಟಿನ ವಿಜ್ಞಾನದ ನೋಟ್‌ಬುಕ್ಕು ಕಂಡಿತು. ಏಳನೇ ತರಗತಿ. ಇಂಗ್ಲಿಷ್ ಶಾಲೆಗೆ ಹೊಸದಾಗಿ ಸೇರಿದ ವರ್ಷ. ಟೀಚರು ಎಲ್ಲರನ್ನೂ ತೋಟಕ್ಕೆ ಕರೆದುಕೊಂಡು ಹೋಗಿ, ಇಪ್ಪತ್ತು ಬೋರ್ಡು ನೋಡಿ ಬರೆದುಕೊಳ್ಳಿ ಎಂದಿದ್ದರು. ಹೊಸ ಗೆಳತಿಯರ ಜೊತೆ ಬಿಳಿ ಕಾಲುಚೀಲದಲ್ಲಿ ಸಾಲಾಗಿ ನಡೆಯುತ್ತ ಅವಳು ಅಪ್ಪನ ಕೈಬರಹವನ್ನು ತನ್ನ ಕೈಬರಹದಲ್ಲಿ ಇಳಿಸಿಕೊಳ್ಳುತ್ತಿದ್ದಳು. ಹನ್ನೊಂದನೆಯದೋ ಹನ್ನೆರಡನೆಯದೋ ಮರದ ಹತ್ತಿರ ಏಣಿ ಇತ್ತು, ಏಣಿಯ ಮೇಲೆ ಅಪ್ಪ ಇದ್ದ. ಬಿಸಿಲಿಗೆ ಬಣ್ಣ ಹಾರಿದ ಬೋರ್ಡನ್ನು ಇದ್ದಲ್ಲೇ ತಿದ್ದುತ್ತಿದ್ದ, ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ, ತಲೆಗೆ ಟವೆಲು ಸುತ್ತಿ. ಅವಳು ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ಅಪ್ಪ ನಿಧಾನವಾಗಿ, ಕೆಲಸಕ್ಕೆಂಬಂತೆ, ಮುಖವನ್ನು ಮರದ ಕಡೆ ತಿರುಗಿಸಿಕೊಂಡ. ಸಾಲು ದಾಟಿ ಹೋಗುವವರೆಗೂ ಕುಂಚ ಆಡಲಿಲ್ಲ. ಕತ್ತು ಮಾತ್ರ ಕಾಣುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ "ಎಷ್ಟು ಹೆಸರು ಬರಕೊಂಡೆ?" ಎಂದು ಕೇಳಿದ, ಅಷ್ಟೇ. ಇಪ್ಪತ್ತು ಎಂದಳು. ಹತ್ತಕ್ಕೆ ಹತ್ತು ಅಂಕ ಬಂದಿತ್ತು.

ಫೋನು ಬಂತೆಂದು ಕ್ಲಾರಾ ಬಾಗಿಲಿನತ್ತ ಹೋದಳು, ಗಾಜಿನೊಳಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಅಪ್ಪ ಒಂದು ಕಲ್ಲುಬೆಂಚಿನ ಮೇಲೆ ಕೂತ. ಬಿಂದು ಪಕ್ಕದಲ್ಲಿ ಕೂತಳು. ಫ್ಯಾನುಗಳು ಮೊರೆಯುತ್ತಿದ್ದವು. ಮೇಲಿನ ಗಾಜಿನಿಂದ ಒಂದೊಂದೇ ಹನಿ ಅಪ್ಪನ ಹೊಸ ಕ್ಷೌರದ ಮೇಲೆ ಬೀಳುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಇನ್ನೂ ಎಷ್ಟು ದೂರ ಇದೆ ಪುಟ್ಟಿ?"

"ಅರ್ಧ ಆಯ್ತು ಅನ್ಸತ್ತೆ."

"ಹೂಂ." ಮುಂದಿನ ಗೂಟಗಳನ್ನು ಕಣ್ಣಲ್ಲೇ ಎಣಿಸಿ, "ಒಳ್ಳೆ ಹೆಸರೆಲ್ಲಾ ಖರ್ಚಾಗ್ತಾ ಬಂತು. ಎರಡು ಸಲ ಒಂದೇ ಹೆಸರು ಬಂದ್ರೆ ಆಯಮ್ಮ ಕಂಡುಹಿಡೀತಾರೆ. ಚುರುಕು ಹೆಂಗಸು," ಎಂದ.

ಕ್ಷಮಿಸು ಎಂಬುದನ್ನು ಅವರ ಮನೆಯಲ್ಲಿ ಯಾರೂ ಯಾರಿಗೂ ಹೇಳಿದವರಲ್ಲ. ತಪ್ಪಾದರೆ ಅಮ್ಮ ಕಾಫಿ ಮಾಡಿ ತಂದಿಡುತ್ತಿದ್ದಳು. ಇಲ್ಲಿ ಕಾಫಿಯೂ ಇರಲಿಲ್ಲ.

"ನೀನು ಮೊದಲೇ ಒಂದು ಮಾತು ಹೇಳಿದ್ದಿದ್ರೆ," ಎಂದ ಅಪ್ಪ, ಅಂಗಿಯ ತೋಳನ್ನು ಎಳೆದುಕೊಳ್ಳುತ್ತ, "ಆ ಕೋಟು ತರ್ತಿದ್ದೆ. ನಿನ್ನ ಮದುವೇಲಿ ಹೊಲಿಸಿದ್ದು. ನಮ್ಮ ಸಾಹೇಬರುಗಳೆಲ್ಲ ಕೋಟು ಹಾಕ್ಕೋತಿದ್ರು."

ಅದರಲ್ಲಿ ಕುಟುಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಪರೀಕ್ಷೆಗೆ ಪೆನ್ನು ಮರೆತು ಬಂದವನ ಬೇಸರ ಮಾತ್ರ ಇತ್ತು. ಅವನು ಎದ್ದು ಜರೀಗಿಡದವರೆಗೆ ನಡೆದು, ಬಗ್ಗಿ, ಅದರ ಒಂದು ಎಲೆಯನ್ನು ಬೆರಳಿನಿಂದ ಎತ್ತಿ, ಮತ್ತೆ ಹಾಗೆಯೇ ಬಿಟ್ಟು ಬಂದ. ಆ ಗಿಡಕ್ಕೆ ಏನಾದರೂ ಹೇಳಿದನೇನೋ, ತುಟಿ ಅಲುಗಿದ ಹಾಗಿತ್ತು.

ಪೈಪು ಸುತ್ತಿಡುವ ನೆಪದಲ್ಲಿ ಮುಹಿಯುದ್ದೀನ್ ಬಿಂದುವಿನ ಹತ್ತಿರ ಬಂದ. "ತಂದೆಯವರಾ?" ಎಂದ ಮೆಲ್ಲಗೆ. "ಒಂದೂ ಸರಿ ಇಲ್ಲ ಮೇಡಂ. ಆದ್ರೆ ನಮ್ಮ ಸೂಪರ್‌ವೈಸರ್‌ಗೆ ಸರಿ ಹೆಸರನ್ನೂ ಇಷ್ಟು ಚಂದ ಹೇಳ್ಲಿಕ್ಕೆ ಬರುದಿಲ್ಲ."

ಉಳಿದ ಅರ್ಧವನ್ನು ಅಪ್ಪ ಹೇಗೋ ದಾಟಿದ. ಕೊನೆಯ ಕೆಲವು ಗಿಡಗಳಿಗೆ ಬಂದಾಗ ದನಿ ಸಣ್ಣದಾಗಿತ್ತು, ಹೆಬ್ಬೆರಳು ನಿಂತಿತ್ತು. ಬಾಗಿಲಿನ ಬಳಿ ಒಂದು ಮೇಜು, ಮೇಜಿನ ಮೇಲೆ ಬಂದುಹೋಗುವವರ ಪುಸ್ತಕ. ಹೆಸರು, ಊರು, ಉದ್ಯೋಗ, ಅಭಿಪ್ರಾಯ ಎಂದು ನಾಲ್ಕು ಕಾಲಂ. "ಡಾಕ್ಟ್ರೇ, ನೀವು ಬರೀಬೇಕು," ಎಂದು ಕ್ಲಾರಾ ಪೆನ್ನು ಕೊಟ್ಟಳು. "ನಿಮ್ಮಂಥವರು ಬಂದಿದ್ರು ಅಂತ ಇವರಿಗೂ ಇರ್ಲಿ."

ಅಪ್ಪ ಪೆನ್ನಿನ ತುದಿಯನ್ನು ಒಮ್ಮೆ ನೋಡಿ, ಅಂಗೈಯಲ್ಲಿ ಗೀಚಿ ಪರೀಕ್ಷಿಸಿ, ಬಗ್ಗಿದ. ಹೆಸರು ಬರೆದ. ಮೇಲಿನ ಸಾಲುಗಳಲ್ಲಿ ಗೀಚಿ ಹೋದವರೆಲ್ಲರ ಕೆಳಗೆ ಆ ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು, ಕಾಲಿಗೆ ಕಾಲು ಸಮವಾಗಿ, ನಡುವಿನ ಜಾಗ ಅಳೆದಂತೆ. "ಅಬ್ಬ," ಎಂದಳು ಕ್ಲಾರಾ, ಅವಳಿಗೇ ಗೊತ್ತಿಲ್ಲದೆ. ಮೈಸೂರು ಎಂದು ಬರೆದ. ಮೂರನೆಯ ಕಾಲಮಿಗೆ ಬಂದು ಪೆನ್ನು ನಿಂತಿತು. ಇಡೀ ದಿನದಲ್ಲಿ ಮೊದಲ ಸಲ ಅಪ್ಪ ಹಿಂತಿರುಗಿ ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ಪ್ರಶ್ನೆಯಾಗಲಿ ದೂರಾಗಲಿ ಇರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತ ಸಾಹೇಬರನ್ನು ನೋಡುವ ಹಾಗೆ ನೋಡುತ್ತಿದ್ದ.

"ಚೀಟಿ ಕೊಡು ಪುಟ್ಟಿ," ಎಂದ. "ಏನಿದೆಯೋ ಹಾಗೇ ಬರೀತೀನಿ."

ಬರೆಯುತ್ತಿದ್ದ. ಅವಳು ಡಾಕ್ಟರ್ ಎಂದಿದ್ದರೆ ಡಾಕ್ಟರ್, ಸಸ್ಯವಿಜ್ಞಾನಿ ಎಂದರೆ ಸಸ್ಯವಿಜ್ಞಾನಿ, ಅದೇ ಸಮದ ಅಕ್ಷರಗಳಲ್ಲಿ, ಎಂದೆಂದಿಗೂ ಇರುವ ಹಾಗೆ. ಫ್ಯಾನಿನ ಮೊರೆತದಲ್ಲಿ ಅವಳಿಗೆ ತನ್ನ ದನಿ ಬೇರೆಲ್ಲಿಂದಲೋ ಬಂದಂತೆ ಕೇಳಿಸಿತು.

"ಬೋರ್ಡು ಬರೆಯೋರು ಅಂತ ಬರಿ ಅಪ್ಪ. ಅದೇ ತಾನೇ." ಆಮೇಲೆ ಕ್ಲಾರಾಳ ಕಡೆ ತಿರುಗಿ, ಈ ಸಲ ಬಾಯಲ್ಲಿ ಚಪಾತಿಯಾಗಲಿ ಯಾವ ನೆಪವಾಗಲಿ ಇಲ್ಲದೆ, ಹೇಳಿದಳು. "ಅಪ್ಪ ಬಾಟನಿಸ್ಟ್ ಅಲ್ಲ. ಗಿಡಗಳ ಹೆಸರಿನ ಬೋರ್ಡು ಬರೀತಿದ್ರು. ನಾನು ಸುಳ್ಳು ಹೇಳಿದ್ದೆ. ಅವರು ನನಗೋಸ್ಕರ ಹೇಳಿದ್ದು ಇವತ್ತು."

ಅಪ್ಪ ಬರೆಯುತ್ತಿದ್ದ. ಒಂದಕ್ಷರವೂ ತಪ್ಪಲಿಲ್ಲ. ಕ್ಲಾರಾ ನೋಟ್‌ಬುಕ್ಕನ್ನು ತೆರೆದಳು, ನಾಲ್ಕು ಪುಟ ಹಿಂದೆ ಮುಂದೆ ತಿರುವಿದಳು.

"ಹಾಗಾದ್ರೆ ಈ ಚಿಕ್ಕ ಮಹಾಗನಿ?"

"ಗೊತ್ತಿಲ್ಲ ಕಣಮ್ಮ," ಎಂದ ಅಪ್ಪ, ಪೆನ್ನಿನ ಮುಚ್ಚಳ ಹಾಕುತ್ತ. "ಹೆಸರು ಸರಿ. ಗಿಡ ಸರಿಯಿಲ್ಲ."

"ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಆಯ್ತಲ್ಲ ಮಾರಾಯ್ತಿ. ಎಂ.ಡಿ.ಗೂ ಹೇಳಿದ್ದೇನೆ. ಈಗ ಎಂತ ಮಾಡುದು?"

"ನಾನೇ ಹೇಳ್ತೀನಿ," ಎಂದಳು ಬಿಂದು. ಹೇಳುವ ದಿನದ ಊಟದ ಮೇಜು, ತೆರೆದ ಡಬ್ಬಿಗಳು, ಎಲ್ಲರೂ ಒಮ್ಮೆಲೇ ಉಪ್ಪಿನಕಾಯಿಯ ಕಡೆ ನೋಡುವ ರೀತಿ ಕಣ್ಣಿಗೆ ಕಟ್ಟಿತು. ಕ್ಲಾರಾ ಮುಖ ಬಿಗಿದುಕೊಂಡೇ ಇದ್ದಳು. ಮೋಸ ಹೋದದ್ದಕ್ಕಿಂತ ಅಷ್ಟು ಜಾಗ್ರತೆಯಾಗಿ ಬರೆದುಕೊಂಡದ್ದು ಅವಳಿಗೆ ಹೆಚ್ಚು ನೋವಾಗಿರಬೇಕು. ಕೊನೆಗೆ "ಮತ್ತೆ ನನ್ನ ಮಲ್ಲಿಗೆ?" ಎಂದಳು, ಯಾರಿಗೆಂದು ಹೇಳದೆ.

"ಗೆಲ್ಲು ಕಡೀರಿ ಮೇಡಂ," ಎಂದ ಮುಹಿಯುದ್ದೀನ್ ಹಿಂದಿನಿಂದ. "ಪಾಪ ಅಂತ ನೋಡ್ಬೇಡಿ. ಕಡಿದ್ರೇ ಹೂ." ಅವನು ಬಗ್ಗಿ ಪುಸ್ತಕದ ಆ ಸಾಲನ್ನು ನೋಡುತ್ತಿದ್ದ. ನೋಡಿ, ಒಳಗೆ ಹೋಗಿ, ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಬಿಳಿ ಪ್ಲಾಸ್ಟಿಕ್ ಪಟ್ಟಿಗಳು, ಎಲ್ಲ ಖಾಲಿ. ಎರಡು ಕಪ್ಪು ಮಾರ್ಕರು. ಮಡಿಸಿ ಮಡಿಸಿ ಹರಿಯುವ ಹಾಗಾಗಿದ್ದ ಒಂದು ಲಿಸ್ಟು. "ಸರ್, ಪ್ರಿಂಟಿನದ್ದು ಬರುವವರೆಗೆ ಕೈಯಲ್ಲಿ ಬರೆದು ಹಾಕು ಅಂದಿದ್ರು. ನನ್ನ ಅಕ್ಷರ ನನಗೇ ಓದ್ಲಿಕ್ಕೆ ಆಗುದಿಲ್ಲ. ಇದು ಚೀಟಿ. ಗಿಡ ನಾನು ತೋರಿಸ್ತೇನೆ."

ಅಪ್ಪ ಲಿಸ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಓದುತ್ತ ಹೋದಂತೆ ಅವನ ಬೆನ್ನು ನೆಟ್ಟಗಾಯಿತು. ಅಂಗಿಯ ತೋಳನ್ನು ಮಡಿಸಿದ. ಕೋಟಿಲ್ಲದ್ದೇ ಒಳ್ಳೆಯದಾಗಿತ್ತು. ಇಬ್ಬರೂ ಮತ್ತೆ ಒಳಗೆ ಹೋದರು, ಮೊದಲ ಗೂಟದಿಂದ ಶುರುಮಾಡಿದರು. ಮುಹಿಯುದ್ದೀನ್ ತೋರಿಸುವುದು, ಅಪ್ಪ ಲಿಸ್ಟು ನೋಡುವುದು, ಗಿಡ ನೋಡುವುದು, ಬರೆಯುವುದು. ಜರೀಗಿಡದ ಮುಂದೆ ಮಂಡಿಯೂರಿ ಕೂತು ಅದರ ಸರಿಯಾದ ಹೆಸರನ್ನು ಅವನು ಎರಡು ಸಲ ಗಟ್ಟಿಯಾಗಿ ಓದಿದ. ಕ್ಲಾರಾ ಸ್ವಲ್ಪ ಹೊತ್ತು ಕಾರಿನ ಕೀಲಿ ಆಡಿಸುತ್ತ ನಿಂತಿದ್ದಳು, ಆಮೇಲೆ ನೋಟ್‌ಬುಕ್ಕು ತೆರೆದು, ಹಳೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದುಕೊಳ್ಳತೊಡಗಿದಳು. ಬಿಂದುವಿನ ಕೈಯಲ್ಲಿ ಮಾರ್ಕರಿನ ಮುಚ್ಚಳ ಇತ್ತು. ಅಪ್ಪ ಯಾವಾಗ ಕೊಟ್ಟನೋ ನೆನಪಿಲ್ಲ.

ಹೊರಗೆ ಬಸ್ಸೊಂದು ನಿಂತ ಸದ್ದಾಯಿತು. ಬಾಗಿಲು ತೆರೆದು ಬಿಸಿಗಾಳಿಯೊಂದಿಗೆ ಮಕ್ಕಳು ಒಳಗೆ ನುಗ್ಗಿದರು, ಮೂವತ್ತು ನಲವತ್ತು ಮಕ್ಕಳು, ಎಲ್ಲರೂ ಒಂದೇ ಹಳದಿ ಟೀಷರ್ಟು, ಮುಂದೆ ಒಬ್ಬ ಟೀಚರು, "ಸಾಲಾಗಿ, ಸಾಲಾಗಿ" ಎಂದು ಇಂಗ್ಲಿಷಿನಲ್ಲಿ ಕೂಗುತ್ತ. ಸಾಲು ಹತ್ತಿರ ಬಂದಂತೆ ಮಂಡಿಯೂರಿದ್ದ ಅಪ್ಪ ತಲೆಯೆತ್ತಿದ. ಮಕ್ಕಳನ್ನು ನೋಡಿದ, ಅವರಾಚೆ ನಿಂತಿದ್ದ ಬಿಂದುವನ್ನು ನೋಡಿದ. ಆಮೇಲೆ ನಿಧಾನವಾಗಿ, ಕೆಲಸಕ್ಕೆಂಬಂತೆ, ಮುಖವನ್ನು ಗಿಡದ ಕಡೆ ತಿರುಗಿಸಿಕೊಂಡ. ಮಾರ್ಕರು ಆಡಲಿಲ್ಲ. ಕತ್ತು ಮಾತ್ರ ಕಾಣುತ್ತಿತ್ತು.

"ಅಪ್ಪಾ," ಎಂದು ಬಿಂದು ಕರೆದಳು.

ಫ್ಯಾನುಗಳ ಸದ್ದನ್ನು ಮೀರಿ ಕರೆದಿರಬೇಕು. ಟೀಚರು ತಿರುಗಿದಳು, ಮಕ್ಕಳು ತಿರುಗಿದರು, ಕ್ಲಾರಾ ನೋಟ್‌ಬುಕ್ಕಿನಿಂದ ತಲೆಯೆತ್ತಿದಳು. ಎಲ್ಲರಿಗಿಂತ ಕೊನೆಗೆ ಅಪ್ಪ ತಿರುಗಿದ, ಮೂಗಿನ ಮೇಲೆ ಕಪ್ಪು ಶಾಯಿ ಮೆತ್ತಿಕೊಂಡು.

"ಏನಮ್ಮ?"

"ಏನಿಲ್ಲ," ಎಂದಳು. "ಸುಮ್ಮನೆ ಕರೆದೆ." ಮಕ್ಕಳ ಸಾಲನ್ನು ಸೀಳಿಕೊಂಡು ಹೋಗಿ ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ಒದ್ದೆ ಮಣ್ಣಿನಲ್ಲಿ ಪಟ್ಟಿಯನ್ನು ನೆಟ್ಟಗೆ ಹಿಡಿದಳು.